ಸಂಪಿಗೆ ಗೋತ್ರದ ಸೂಸನ್

ನ್ಯೂಜೆರ್ಸಿಯ ಕನ್ನಡಿಗರ ಹಿತ್ತಲಲ್ಲಿ ಮೆಂತ್ಯ, ಹೀರೆ, ಹಸಿಮೆಣಸಿಗೆ ಮಾತ್ರ ಪೌರತ್ವ. ಅಲ್ಲಿಗೆ ಮ್ಯಾಗ್ನೋಲಿಯ ತಂದರೆ ನಮ್ಮ ಯಜಮಾನರು ಕೇಳಿದ್ದು ಒಂದೇ: "ಇದರಲ್ಲಿ ಯಾವುದನ್ನ ಸಾರಿಗೆ ಹಾಕೋದು?"

ತಳಿಯ ಹೆಸರು ಸೂಸನ್. 1950ರ ದಶಕದಲ್ಲಿ ವಾಷಿಂಗ್ಟನ್ನಿನ ರಾಷ್ಟ್ರೀಯ ಸಸ್ಯೋದ್ಯಾನದವರು ಜಪಾನಿನ ನಕ್ಷತ್ರ ಮ್ಯಾಗ್ನೋಲಿಯಕ್ಕೂ ಚೀನಾ ಮೂಲದ ಲಿಲಿ ಮ್ಯಾಗ್ನೋಲಿಯಕ್ಕೂ ಗಂಟುಹಾಕಿ ಎಂಟು ತಳಿ ಪಡೆದರು. ಆನ್, ಬೆಟ್ಟಿ, ಜೇನ್, ಜೂಡಿ ಎಲ್ಲ ಇವಳ ಒಡಹುಟ್ಟಿದವರೇ. ಹೆತ್ತವರು ಏಷ್ಯಾದವರು, ಮಕ್ಕಳು ಅಮೆರಿಕದ ಪ್ರಜೆಗಳು. ಹಿಮದ ಏಟು ತಪ್ಪಲೆಂದು ಇವು ನಕ್ಷತ್ರ ಮ್ಯಾಗ್ನೋಲಿಯಕ್ಕಿಂತ ಸುಮಾರು ಎರಡು ವಾರ ತಡವಾಗಿ ಅರಳುತ್ತವೆ.

ಮೈಸೂರಿನಿಂದ ಅತ್ತೆ ಬಂದಿಳಿದದ್ದು ಏಪ್ರಿಲ್‌ನಲ್ಲಿ. ಒಂದೆಲೆಯೂ ಇಲ್ಲ, ಕೊಂಬೆ ತುಂಬ ಕೆನ್ನೇರಳೆ ಹೂ. ಬೆರಗಾಗುತ್ತಾರೆಂದು ಕಾದೆ.

"ಅದರಲ್ಲೇನಮ್ಮಾ? ನಮ್ಮ ಮುತ್ತುಗಾನೂ ಎಲೆ ಉದುರಿಸ್ಕೊಂಡೇ ಹೂ ಬಿಡೋದು."

"ಅತ್ತೆ, ಇದು ಸಂಪಿಗೆ ಗೋತ್ರ. ಸಸ್ಯಶಾಸ್ತ್ರದಲ್ಲಿ ಸಂಪಿಗೆಯೂ ಈಗ ಮ್ಯಾಗ್ನೋಲಿಯ ಚಂಪಕ."

ಗೋತ್ರ ತಿಳಿದದ್ದೇ ತಡ, ಗಿಡ ನನ್ನ ಕೈತಪ್ಪಿತು. ಮರುದಿನ ದೇವರ ಮನೆ ತುಂಬ ಸೂಸನ್. "ನೆಂಟರನ್ನ ಯಾರಾದ್ರೂ ಹಿತ್ತಲಲ್ಲಿ ನಿಲ್ಲಿಸ್ತಾರಾ? ಅಗೆದು ಮುಂದಕ್ಕೆ ನೆಡಿ" ಎಂದು ಅಪ್ಪಣೆ ಬೇರೆ. ಇದರ ಬೇರು ದಪ್ಪ, ಮೆತ್ತಗೆ, ಮೇಲ್ಮಣ್ಣಲ್ಲೇ ಹರಡುತ್ತದೆ. ಬೇರೂರಿದ ಗಿಡವನ್ನು ಕಿತ್ತು ನೆಟ್ಟರೆ ಚೇತರಿಸಿಕೊಳ್ಳುವುದು ಕಷ್ಟ. ಅತ್ತೆ ಒಪ್ಪಲಿಲ್ಲ, ಸದ್ಯ ಗುದ್ದಲಿ ಸಿಗಲಿಲ್ಲ.

ತಿಂಗಳ ಕೊನೆಗೆ ಒಂದು ರಾತ್ರಿ ಹಿಮ ಬೀಳುವ ಸೂಚನೆ ಬಂತು. ಹಿಮ ಕಚ್ಚಿದರೆ ಅರಳಿದ ಹೂವೆಲ್ಲ ಕಂದಿ ಮುದುಡುತ್ತವೆ. ಅತ್ತೆ ತಮ್ಮ ಹಳೇ ಇಳಕಲ್ ಸೀರೆ ತಂದು ಗಿಡಕ್ಕೆ ಉಡಿಸಿಯೇಬಿಟ್ಟರು. ಬೆಳಿಗ್ಗೆ ಬೇಲಿಯಾಚೆಯಿಂದ ಇದೇನು ಶಾಸ್ತ್ರ ಎಂದು ವಿಚಾರಣೆ ಬಂತು. ಯಜಮಾನರು ನಗದೆ "ಬೇಬಿ ಶವರ್" ಅಂದರು. ಸಂಜೆಗೆ ಒಂದು ಮೂಟೆ ಮಲ್ಚ್ ಉಡುಗೊರೆ! ನಿಜಕ್ಕೂ ಅದೇ ಬೇಕಿತ್ತು. ತೊಗಟೆ ಚೂರಿನ ಆ ಹೊದಿಕೆ ಬೇರಿನ ತೇವ ಕಾಯುತ್ತದೆ. ಬುಡದಿಂದ ನಾಲ್ಕು ಬೆರಳು ದೂರಕ್ಕೆ ಹರಡಿದೆ.

ಅತ್ತೆ ಊರಿಗೆ ಹೋದರೂ ಫೋನಿನಲ್ಲಿ ಸೂಸನ್ ಯೋಗಕ್ಷೇಮವೇ ಮೊದಲು, ಮಗನದು ಆಮೇಲೆ.

ನೀವೂ ನೆಡುವುದಾದರೆ ಬಿಸಿಲು ಬೀಳುವ, ನೀರು ನಿಲ್ಲದ, ತುಸು ಹುಳಿಮಣ್ಣಿನ ಜಾಗ ನೋಡಿ. ಮುಂದಿನ ವರ್ಷದ ಮೊಗ್ಗು ಬೇಸಿಗೆಯಲ್ಲೇ ಕಟ್ಟಿರುತ್ತದೆ. ಆದ್ದರಿಂದ ಕೊಂಬೆ ಸವರುವುದನ್ನೆಲ್ಲ ಹೂ ಮುಗಿದ ಕೂಡಲೇ ಮುಗಿಸಿ, ಆಮೇಲೆ ಕತ್ತರಿಯನ್ನು ಯಜಮಾನರ ಕೈಗೆ ಸಿಗದ ಹಾಗೆ ಬಚ್ಚಿಡಿ.