ಹಾಲಿನ ಲೆಕ್ಕ ಮತ್ತು ನನ್ನ ಮಿಷನ್

ಮನೆಯಲ್ಲಿ ಮಾತು ನಡೆಯದ ಗಂಡಸರಿಗೆ ಆಫೀಸಿನವರು ಕೊಡುವ ಸಮಾಧಾನಕರ ಬಹುಮಾನಕ್ಕೆ ಟೀಮ್ ಲೀಡರ್ ಎಂದು ಹೆಸರು. ಅದು ನನಗೂ ಸಿಕ್ಕಿತು. ನನ್ನ ಕೈಕೆಳಗೆ ನಾಲ್ಕು ಜನ. ಇಬ್ಬರು ಸದಾ ರಜೆಯಲ್ಲಿರುತ್ತಾರೆ, ಒಬ್ಬ ಕಾಫಿಗೆ ಹೋಗಿರುತ್ತಾನೆ, ಉಳಿದ ಮೇಡಂ ನನಗಿಂತ ಸೀನಿಯರ್. ಆದರೂ ಲೀಡರ್ ಲೀಡರೇ ತಾನೆ? ಇಸ್ತ್ರಿ ಅಂಗಡಿಯವನ ಪಕ್ಕ ಖುದ್ದಾಗಿ ನಿಂತು ಅಂಗಿಯ ಕಾಲರ್ ಗರಿಮುರಿ ಮಾಡಿಸಿಕೊಂಡು ಬಂದೆ.

ಲೀಡರ್ ಆದವರನ್ನು ಸುಮ್ಮನೆ ಬಿಡುವುದಿಲ್ಲ, ಟ್ರೇನಿಂಗಿಗೆ ಕಳಿಸುತ್ತಾರೆ. ಕೋಟು ತೊಟ್ಟ ಟ್ರೇನರ್ ಸಾಹೇಬರು, ‘ಪ್ರತಿಯೊಬ್ಬ ನಾಯಕನಿಗೂ ತನ್ನದೇ ಆದ ಮಿಷನ್ ಸ್ಟೇಟ್‌ಮೆಂಟ್ ಇರಬೇಕು. ನೀವು ಯಾರು, ಯಾತಕ್ಕಾಗಿ ಇದ್ದೀರಿ ಅಂತ ಒಂದೇ ಪುಟದಲ್ಲಿ ಬರೆದು ಮುಂದಿನ ತಿಂಗಳು ತನ್ನಿ’ ಎಂದರು. ನೀವು ಯಾತಕ್ಕಾಗಿ ಇದ್ದೀರಿ ಎಂಬ ಪ್ರಶ್ನೆಯನ್ನು ನನ್ನ ಹೆಂಡತಿ ಮದುವೆಯಾದಾಗಿನಿಂದ ಕೇಳುತ್ತಲೇ ಬಂದಿದ್ದಾಳೆ. ನಿಮ್ಮ ಮನೆಯಲ್ಲೂ ಕೇಳಿರುತ್ತಾರೆ, ಮುಚ್ಚಿಡಬೇಡಿ. ಆದರೆ ಅವರು ಯಾರೂ ಉತ್ತರವನ್ನು ಬರವಣಿಗೆಯಲ್ಲಿ ಕೇಳಿರುವುದಿಲ್ಲ.

ಈ ಮಿಷನ್ ಗೀಳನ್ನು ಊರೂರಿಗೆ ಹಬ್ಬಿಸಿದವರು ಅಮೆರಿಕದ ಸ್ಟೀಫನ್ ಕೋವಿ. 1989ರಲ್ಲಿ ಬಂದ ಅವರ ‘ದಿ ಸೆವೆನ್ ಹ್ಯಾಬಿಟ್ಸ್ ಆಫ್ ಹೈಲಿ ಎಫೆಕ್ಟಿವ್ ಪೀಪಲ್’ ಪುಸ್ತಕದಲ್ಲಿ ಎರಡನೆಯ ಅಭ್ಯಾಸವೇ ಇದು. ಕಣ್ಣು ಮುಚ್ಚಿಕೊಂಡು ನಿಮ್ಮದೇ ಶವಸಂಸ್ಕಾರವನ್ನು ಕಲ್ಪಿಸಿಕೊಳ್ಳಬೇಕಂತೆ. ಅಲ್ಲಿ ನಾಲ್ಕು ಜನ ಎದ್ದು ನಿಂತು ಮಾತಾಡುತ್ತಾರೆ: ಮನೆಯವರು, ಗೆಳೆಯರು, ಆಫೀಸಿನವರು, ಚರ್ಚಿನ ಅಥವಾ ಊರ ಸಂಘದವರು. ಅವರ ಬಾಯಲ್ಲಿ ಏನು ಬರಲಿ ಎಂದು ನೀವು ಬಯಸುತ್ತೀರೋ ಅದನ್ನು ಹಿಡಿದು ಮಿಷನ್ ಬರೆಯಬೇಕು.

ಸಂಜೆ ಸೋಫಾದ ಮೇಲೆ ಅಂಗಾತ ಮಲಗಿ, ಕೈ ಎರಡನ್ನೂ ಎದೆಯ ಮೇಲಿಟ್ಟು ಕಣ್ಣು ಮುಚ್ಚಿದೆ. ಹಾರಗಳು ಬೀಳುತ್ತಿದ್ದವು. ಮ್ಯಾನೇಜರು ಕರ್ಚೀಫು ಹುಡುಕುತ್ತಿದ್ದರು. ಅಷ್ಟರಲ್ಲಿ ಅಮ್ಮನ ದನಿ.

‘ದೀಪ ಹಚ್ಚೋ ಹೊತ್ತಲ್ಲಿ ಇದೇನೋ ಹೀಗೆ ಮಲಗಿದೀಯ?’

‘ನನ್ನ ಶವಸಂಸ್ಕಾರ ನೋಡ್ತಾ ಇದೀನಮ್ಮ. ಆಫೀಸ್ ಕೆಲಸ.’

ಅಮ್ಮ ಮುಂದಿನದನ್ನು ಕೇಳಿಸಿಕೊಳ್ಳಲಿಲ್ಲ. ಉಪ್ಪು, ಒಣಮೆಣಸಿನಕಾಯಿ ಹಿಡಿದು ಬಂದು, ನನ್ನ ತಲೆಯ ಸುತ್ತ ನಿವಾಳಿಸಿ, ಎಲ್ಲವನ್ನೂ ಕೆಂಡಕ್ಕೆ ಸುರಿದಳು. ಮನೆಮಂದಿಯೆಲ್ಲ ಕಣ್ಣೀರು ಸುರಿಸುತ್ತ ಅಂಗಳಕ್ಕೆ ಓಡಿದೆವು. ‘ನೋಡಿದ್ಯಾ, ಘಾಟೇ ಬರ್ಲಿಲ್ಲ. ಅಷ್ಟು ದೃಷ್ಟಿ ಆಗಿತ್ತು ನಿಂಗೆ’ ಎಂದು ಕೆಮ್ಮುಗಳ ನಡುವೆ ಅಮ್ಮ ತೀರ್ಪು ಕೊಟ್ಟಳು. ಟೀಮ್ ಲೀಡರ್ ಆದರೆ ದೃಷ್ಟಿ ಆಗದೆ ಇರುತ್ತದೆಯೇ, ಅದೊಂದನ್ನು ನಾನೂ ಒಪ್ಪಿದೆ.

ಕೋವಿಯವರ ಲೆಕ್ಕ ನಮ್ಮ ಕಡೆಗೆ ಹೊಂದುವುದಿಲ್ಲ ಬಿಡಿ. ನಮ್ಮಲ್ಲಿ ಹೋದ ದಿನ ಭಾಷಣ ಯಾರು ಮಾಡುತ್ತಾರೆ? ಮಾತೇನಿದ್ದರೂ ವೈಕುಂಠ ಸಮಾರಾಧನೆಗೆ. ಅಲ್ಲೂ ಹೋದವನ ಗುಣಗಾನ ಎಲೆಗೆ ಉಪ್ಪು ಬೀಳುವ ತನಕ. ಆಮೇಲೆ ವಡೆ ಗರಿಗರಿಯಾಗಿದೆಯೇ, ಪಾಯಸಕ್ಕೆ ದ್ರಾಕ್ಷಿ ಕಡಿಮೆಯಾಯಿತೇ ಎಂಬ ವಿಚಾರ. ಆದರೂ ಪುಸ್ತಕದಲ್ಲಿದೆಯಲ್ಲ ಎಂದು ಹುರುಳಿಕಾಯಿ ಹೆಚ್ಚುತ್ತಿದ್ದ ಹೆಂಡತಿಯನ್ನು ಕೇಳಿದೆ: ‘ಅವತ್ತು ಮೊದಲನೇ ಭಾಷಣ ನಿಂದೇ. ನನ್ನ ಬಗ್ಗೆ ಏನು ಹೇಳ್ತೀಯ?’

ಅವಳು ತಲೆ ಎತ್ತಲಿಲ್ಲ. ‘ಅಡುಗೆಯವರಿಗೆ ಅಡ್ವಾನ್ಸ್ ಕೊಡ್ಬೇಕು, ಛತ್ರ ಹಿಡೀಬೇಕು, ನಿಮ್ಮ ಅಕ್ಕನ್ನ ಸ್ಟೇಷನ್ನಿಂದ ಕರ್ಕೊಂಡ್ ಬರ್ಬೇಕು. ಇದರ ಮಧ್ಯೆ ಭಾಷಣ ಎಲ್ಲಿ ಮಾಡ್ಲಿ? ಹೋಗ್ಲಿ, ನೀವು ಇದ್ದಿದ್ರೂ ಇದೆಲ್ಲ ನಾನೇ ಮಾಡ್ಬೇಕಿತ್ತು.’

ಗೆಳೆಯನಿಗೆ ಫೋನ್ ಮಾಡಿದೆ. ‘ಮೊದ್ಲು ನನ್ನ ಐದು ಸಾವಿರ ಕೊಡು, ಆಮೇಲೆ ಎಷ್ಟು ಬೇಕಾದ್ರೂ ಹೊಗಳ್ತೀನಿ’ ಎಂದ. ಉಳಿದ ಇಬ್ಬರು ಭಾಷಣಕಾರರನ್ನು ಕೇಳುವ ಧೈರ್ಯ ಬರಲಿಲ್ಲ.

ಚುಟುಕಾಗಿ ಬರೆದರೆ ಹೇಗೆ ಎಂದು ಯೋಚಿಸುವಾಗ ವಿಧಾನಸೌಧ ನೆನಪಾಯಿತು. ಕೆಂಗಲ್ ಹನುಮಂತಯ್ಯನವರ ಕನಸಿನ ಆ ಕಟ್ಟಡ 1956ರಲ್ಲಿ ಮುಗಿಯಿತು, ಅದರ ಹಣೆಯ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದಿದೆ. ನಾಲ್ಕೇ ಪದ, ಕೆಲಸಕ್ಕೆ ದೇವರೇ ಜವಾಬ್ದಾರಿ. ಯಾವಾಗ ಆಗುತ್ತದೆ ಎಂದು ಯಾರೂ ಕೇಳುವ ಹಾಗಿಲ್ಲ! ನಾನೂ ಹುಮ್ಮಸ್ಸಿನಿಂದ ‘ಮನೆಯ ಕೆಲಸ ದೇವರ ಕೆಲಸ’ ಎಂದು ಬರೆದು ತೋರಿಸಿದೆ.

‘ಓ, ಅದಕ್ಕೇ ಸ್ನಾನ ಆಗಿಲ್ಲ ಅಂತ ಹನ್ನೊಂದು ಗಂಟೆ ತನಕ ಏನೂ ಮುಟ್ಟಲ್ಲ ನೀವು’ ಎಂದಳು.

ಕೊನೆಗೆ ಕೈ ಹಿಡಿದವನು ಬೆಂಜಮಿನ್ ಫ್ರಾಂಕ್ಲಿನ್. ಹದಿನೆಂಟನೆಯ ಶತಮಾನದ ಈ ಮಹಾಶಯ 13 ಸದ್ಗುಣಗಳ ಪಟ್ಟಿ ಮಾಡಿ, ವಾರಕ್ಕೊಂದು ಗುಣದಂತೆ ಹಿಡಿದು, ವರ್ಷಕ್ಕೆ ನಾಲ್ಕು ಸುತ್ತು ಹಾಕುವ ಯೋಜನೆ ಹಾಕಿದ್ದ. ತಪ್ಪು ನಡೆದ ದಿನ ಪುಟ್ಟ ಪುಸ್ತಕದಲ್ಲಿ ಒಂದು ಕಪ್ಪು ಚುಕ್ಕೆ. ಮೊದಲು ಪಟ್ಟಿಯಲ್ಲಿದ್ದದ್ದು 12 ಮಾತ್ರ. ನಿನಗೆ ಜಂಬ ಜಾಸ್ತಿ ಎಂದು ಗೆಳೆಯನೊಬ್ಬ ಹೇಳಿದ ಮೇಲೆ ವಿನಯವೂ ಸೇರಿತು. ಹೊಸ ಸುತ್ತಿಗಾಗಿ ಹಳೆಯ ಚುಕ್ಕೆಗಳನ್ನು ಕೆರೆದು ಕೆರೆದು ಪುಸ್ತಕ ತೂತಾಯಿತಂತೆ, ಕಡೆಗೆ ಒದ್ದೆ ಸ್ಪಂಜಿನಲ್ಲಿ ಒರೆಸಬಹುದಾದ ದಂತದ ಹಾಳೆಗಳಿಗೆ ಪಟ್ಟಿಯನ್ನು ಬದಲಾಯಿಸಿಕೊಂಡ.

ನಾನು ದಂತ ಎಲ್ಲಿಂದ ತರಲಿ? ನಮ್ಮ ಮನೆಯ ಸಮಸ್ತ ದಾಖಲೆ ಇರುವುದು ಅಡುಗೆಮನೆ ಗೋಡೆಯ ಕ್ಯಾಲೆಂಡರಿನಲ್ಲಿ. ಗ್ಯಾಸ್ ಬಂದ ದಿನ, ಚೀಟಿ ಕಟ್ಟುವ ದಿನ, ಏಕಾದಶಿ, ಎಲ್ಲವೂ. ಹದಿಮೂರರಲ್ಲಿ ವಿನಯವನ್ನು ಮೊದಲೇ ಕೈಬಿಟ್ಟೆ, ಅದರಲ್ಲಿ ನನ್ನನ್ನು ಮೀರಿಸುವವರು ನಮ್ಮ ಬೀದಿಯಲ್ಲೇ ಇಲ್ಲ. ಶಾಂತಿಯೊಂದನ್ನು ಆರಿಸಿಕೊಂಡೆ. ಸಿಟ್ಟು ಬಂದ ದಿನ ತಾರೀಖಿನ ಕೆಳಗೆ ಸದ್ದಿಲ್ಲದೆ ಒಂದು ಚುಕ್ಕೆ. ಕಾಲುಚೀಲದ ಜೊತೆ ಸಿಗಲಿಲ್ಲ, ಚುಕ್ಕೆ. ಮಗಳು ನನ್ನ ಚಾರ್ಜರ್ ಒಯ್ದಳು, ಚುಕ್ಕೆ. ಉಪ್ಪಿಟ್ಟು ಎಂದು ತಿಳಿದು ಸಿಟ್ಟು ಬಂತು, ಅದು ಕೇಸರಿಭಾತ್ ಎಂದು ಗೊತ್ತಾಗುವುದರೊಳಗೆ ಚುಕ್ಕೆ ಇಟ್ಟಾಗಿತ್ತು.

ತಿಂಗಳ ಕೊನೆಯ ಬೆಳಿಗ್ಗೆ ಗೇಟಿನ ಹತ್ತಿರ ಗಲಾಟೆ.

‘ಅಕ್ಕಾ, ದೇವರಾಣೆ, ಒಂದ್ ದಿನಾನೂ ಹಾಲು ತಪ್ಪಿಸಿಲ್ಲ’ ಎನ್ನುತ್ತಿದ್ದ ಹಾಲಿನ ಹುಡುಗ.

‘ಕ್ಯಾಲೆಂಡರ್ ಸುಳ್ಳು ಹೇಳತ್ತಾ? ಹಾಲು ಬರದ ದಿನ ಚುಕ್ಕೆ ಇಡೋದು ನಮ್ಮನೆ ಪದ್ಧತಿ. ಅರ್ಧ ತಿಂಗಳು ಬಂದೇ ಇಲ್ಲ ನೀನು.’

ಹುಡುಗನ ಕಣ್ಣಲ್ಲಿ ನೀರು. ನಾಯಕನಾದವನು ಇಂಥ ಹೊತ್ತಲ್ಲಿ ಮುಂದೆ ಬರಬೇಕು. ಅದು ಹಾಲಿನ ಚುಕ್ಕೆಯಲ್ಲ, ನನ್ನ ಸಿಟ್ಟಿನದು ಎಂದು ಬೀದಿಯ ಅರ್ಧ ಜನರ ಎದುರು ವಿವರಿಸಿದೆ. ಹುಡುಗ ಕ್ಯಾಲೆಂಡರನ್ನು ಕೈಗೆ ತೆಗೆದುಕೊಂಡು ಬೆರಳಿಟ್ಟು ಎಣಿಸಿದ. ‘ಸಾರ್, ಇಷ್ಟೊಂದಾ? ಬಿಪಿ ಚೆಕ್ ಮಾಡಿಸ್ಕೊಳಿ ಸಾರ್.’ ಮಹಡಿ ಮನೆಯವರು ತಮ್ಮ ಪರಿಚಯದ ಡಾಕ್ಟರ ವಿಳಾಸ ಕೂಗಿ ಹೇಳಿದರು. ಒಳಗೆ ಬಂದು ಆ ದಿನಕ್ಕೂ ಒಂದು ಚುಕ್ಕೆ ಇಡೋಣವೆಂದರೆ ಹೆಂಡತಿ ಪೆನ್ನು ಕಿತ್ತುಕೊಂಡಳು. ನೀವೇ ಗಮನಿಸಿ ನೋಡಿ, ಮನೆಯ ನಿಜವಾದ ಅಧಿಕಾರ ಇರುವವರು ಎಲ್ಲಿಯೂ ಮಿಷನ್ ಬರೆದಿಟ್ಟಿರುವುದಿಲ್ಲ. ಬರೆಯುವ ಚಟ ಏನಿದ್ದರೂ ನಮ್ಮಂಥವರದು.

ಟ್ರೇನಿಂಗಿನ ಹಿಂದಿನ ರಾತ್ರಿ ಕೂತು ಒಂದು ಪುಟ ಹೇಗೋ ತುಂಬಿಸಿದೆ: ದೂರದೃಷ್ಟಿ, ಕರುಣೆ, ಅಚಲ ನಿರ್ಧಾರ. ಮಗಳು ಓದಿ, ‘ಚೆನ್ನಾಗಿದೆ ಅಪ್ಪಾ, ಯಾರ ಬಗ್ಗೆ ಇದು?’ ಎಂದಳು. ಹಾಳೆಯನ್ನು ಊಟದ ಮೇಜಿನ ಮೇಲೇ ಬಿಟ್ಟು ಮಲಗಿದೆ.

ನಮ್ಮ ಮನೆಯಲ್ಲಿ ಮೇಜಿನ ಮೇಲೆ ಬಿಟ್ಟ ಹಾಳೆಯ ಹಿಂಬದಿ ಯಾವತ್ತೂ ಖಾಲಿ ಉಳಿಯುವುದಿಲ್ಲ. ಟ್ರೇನರ್ ಸಾಹೇಬರಿಗೆ ಕೊಟ್ಟಾಗ ಅವರು ಹಿಂಬದಿಯನ್ನೇ ಮುಂಬದಿ ಎಂದು ತಿಳಿದು ಗಟ್ಟಿಯಾಗಿ ಓದತೊಡಗಿದರು. ‘ಟ್ಯಾಂಕ್ ತುಂಬಿದ ಕೂಡಲೆ ಮೋಟರ್ ಆರಿಸುವುದು. ಹಳೇ ಬಾಕಿ ತೀರಿಸುವುದು. ಸಕ್ಕರೆ ಡಬ್ಬದ ಮುಚ್ಚಳ ಗಟ್ಟಿಯಾಗಿ ಹಾಕುವುದು. ಅಮ್ಮನ ಮಾತ್ರೆ ಮರೆಯದೆ ತರುವುದು.’

ಸಭೆ ಸ್ತಬ್ಧವಾಯಿತು. ಸಾಹೇಬರು ಕನ್ನಡಕ ತೆಗೆದರು. ‘ಎಷ್ಟು ಆಳ ನೋಡಿ! ಟ್ಯಾಂಕ್ ಅಂದರೆ ನಮ್ಮ ಶಕ್ತಿ. ಎಲ್ಲಿ ನಿಲ್ಲಿಸಬೇಕು ಅನ್ನೋದು ನಾಯಕನಿಗೆ ಗೊತ್ತಿರಬೇಕು. ಸಕ್ಕರೆ ಅಂದರೆ ಆಫೀಸಿನ ಗುಟ್ಟು, ಮುಚ್ಚಳ ಸಡಿಲವಾದರೆ ಇರುವೆ ಗ್ಯಾರಂಟಿ!’ ಎಲ್ಲರೂ ಬರೆದುಕೊಂಡರು, ನಮ್ಮ ಸೀನಿಯರ್ ಮೇಡಂ ಕೂಡ. ಚಪ್ಪಾಳೆಯ ಮಳೆ. ನಾನು ಎದ್ದು ನಿಂತು, ಹುಟ್ಟಿನಿಂದ ಬಂದ ವಿನಯದಿಂದ ಕೈಮುಗಿದೆ.

ಆಗ ಮೊಬೈಲು ಬಡಿದುಕೊಂಡಿತು.

‘ರೀ, ಮೋಟರ್ ಹಾಕಿ ಹಾಗೇ ಹೋಗಿದೀರಾ? ನಾನೀಗ ಮಾರ್ಕೆಟ್‌ನಿಂದ ಬಂದೆ, ಪಕ್ಕದ ಮನೆಯವರ ಸ್ಕೂಟರ್ ತನಕ ನೀರು!’

‘ಮನೆಯವರಾ?’ ಎಂದರು ಸಾಹೇಬರು ಅಕ್ಕರೆಯಿಂದ. ‘ಚಪ್ಪಾಳೆ ಕೇಳಿಸ್ತಂತಾ?’

‘ಇಲ್ಲ ಸಾರ್,’ ಎಂದೆ, ‘ಅಲ್ಲಿ ನೀರಿನ ಸದ್ದು ಜೋರಾಗಿದೆ.’