ಘಾಟಿ ಓಪನ್ ಇದ್ಯಾ?

ಜುಲೈ ಬಂತೆಂದರೆ ಸಕಲೇಶಪುರದ ಕಡೆ ಕುಶಲ ವಿಚಾರಿಸುವ ಧಾಟಿಯೇ ಬದಲಾಗುತ್ತದೆ. "ಊಟ ಆಯ್ತಾ?" ಹೋಗಿ "ಘಾಟಿ ಓಪನ್ ಇದ್ಯಾ?" ಬರುತ್ತದೆ. 2018ರಲ್ಲಿ ಶಿರಾಡಿ ಘಾಟಿ ರಸ್ತೆಯನ್ನು ಕಾಂಕ್ರೀಟ್ ಹಾಕಲೆಂದು ತಿಂಗಳುಗಟ್ಟಲೆ ಮುಚ್ಚಿ ಜುಲೈನಲ್ಲಿ ತೆರೆದರು. ಆಗಸ್ಟ್‌ನಲ್ಲಿ ಗುಡ್ಡವೇ ಇಳಿದು ಬಂದು ಮತ್ತೆ ಮುಚ್ಚಿತು. 2024ರಲ್ಲಿ ಇದೇ ರಸ್ತೆಯ ದೊಡ್ಡತಪ್ಪಲು ಬಳಿಯೂ ಅದೇ ಕತೆ.

ರಸ್ತೆ ಮುಚ್ಚಿದರೂ ದಾರಿ ಹೇಳುವವರಿಗೇನು ಬರವಿಲ್ಲ. ಟೀ ಅಂಗಡಿಯಲ್ಲಿ ಒಬ್ಬರು ಕೊಟ್ಟಿಗೆಹಾರಕ್ಕೆ ಹೋಗಿ ಚಾರ್ಮಾಡಿ ಇಳಿಯಿರಿ ಎಂದರೆ, ಇನ್ನೊಬ್ಬರು ಬಿಸಿಲೆ ಎನ್ನುತ್ತಾರೆ. ಬಸ್‌ಸ್ಟ್ಯಾಂಡ್ ದಾಟದವರು ಮಾತ್ರ ಅತ್ಯಂತ ಖಚಿತವಾಗಿ ಸಂಪಾಜೆ ಎನ್ನುತ್ತಾರೆ. ಮೊಬೈಲ್ ಮ್ಯಾಪ್ ಯಾರ ಮಾತನ್ನೂ ಕೇಳದೆ ಸೀದಾ ಯಾರದೋ ಕಾಫಿ ತೋಟದ ಗೇಟಿಗೆ ಕರೆದೊಯ್ಯುತ್ತದೆ. ಮುಂದಿನ ವಿಚಾರಣೆ ನಾಯಿಯದ್ದು.

ಇನ್ನು ಸುರಕ್ಷತೆ. ರಸ್ತೆಗೆ ಅಡ್ಡಲಾಗಿ ಒಂದು ತುಕ್ಕು ಹಿಡಿದ ಟಾರ್ ಡ್ರಮ್, ಅದರೊಳಗೊಂದು ಸೊಪ್ಪಿನ ಕೊಂಬೆ, ಕೊಂಬೆಗೆ ಒದ್ದೆ ಕೆಂಪು ಬಟ್ಟೆ. ಬೈಕಿನವನಿಗೆ ಆ ಡ್ರಮ್ ಕಾರಿನವರಿಗಾಗಿ ಇಟ್ಟದ್ದು, ಕಾರಿನವನಿಗೆ ಲಾರಿಯವರಿಗಾಗಿ. ಲಾರಿಯವನು ಕ್ಲೀನರ್‌ನನ್ನು ಇಳಿಸಿ ಡ್ರಮ್ಮನ್ನೇ ಪಕ್ಕಕ್ಕೆ ಸರಿಸುತ್ತಾನೆ. ಆಮೇಲೆ ಕುಸಿದ ಜಾಗದ ಎದುರು ಎಲ್ಲರೂ ಸಾಲಾಗಿ ನಿಂತು, "ಒಂದು ಬೋರ್ಡಾದರೂ ಹಾಕಬಾರದಾ?" ಎಂದು ಸರ್ಕಾರಕ್ಕೆ ಸಹಸ್ರನಾಮ. ಹಿಂದಿನವರು ಹಾರ್ನ್ ಬಾರಿಸುತ್ತಿರುತ್ತಾರೆ, ಹಾರ್ನಿಗೆ ಗುಡ್ಡ ಹಿಂದೆ ಸರಿಯುತ್ತದೋ ಏನೋ!

ಕರಾವಳಿಗೆ ಹೊರಟವರು ಹಾಸನದಲ್ಲೇ ಒಮ್ಮೆ ವಿಚಾರಿಸಿಕೊಳ್ಳಿ. ಮಂಜಿನಲ್ಲಿ ಹೈಬೀಮ್ ಬೇಡ. ಡ್ರಮ್ ಕಂಡರೆ ದಯವಿಟ್ಟು ಗಾಡಿ ತಿರುಗಿಸಿ, ಡ್ರಮ್ಮನ್ನಲ್ಲ.