ಮದ್ದು

ಕಾಸರಗೋಡಿನ ನಮ್ಮ ಅಗಲ್ಪಾಡಿ ಕಡೆ ಅಡಿಕೆಗೆ ಬಿಡುವುದೂ ಮದ್ದು, ಜ್ವರಕ್ಕೆ ಕುಡಿಯುವುದೂ ಮದ್ದು. ಭಾಷೆಯ ಈ ಉದಾರತೆಯನ್ನು ಪೂರ್ತಿ ಬಳಸಿಕೊಂಡದ್ದು ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್. ಗೇರಿನ ಚಿಗುರು ಹೀರುವ ಚಹಾ ಸೊಳ್ಳೆಯನ್ನು ಕೊಲ್ಲಲೆಂದು 1970ರ ದಶಕದ ಕೊನೆಯಿಂದ 2000ದ ವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ಬಾವಿ ಮುಚ್ಚಿಡಿ ಎಂದು ಮೊದಲೇ ಹೇಳಿದ್ದೂ ಉಂಟಂತೆ. ಗುಡ್ಡ ಕೊರೆದು ಸುರಂಗದ ನೀರು ಕುಡಿಯುವ ನಮಗೆ ಗುಡ್ಡಕ್ಕೇ ಮುಚ್ಚಳ ಹಾಕುವ ವಿದ್ಯೆ ಬರುತ್ತಿರಲಿಲ್ಲ. ತಪ್ಪು ನಮ್ಮದೇ.

ಆ ಮದ್ದು ಬಹಳ ಶಿಸ್ತಿನದು. ಸರಕಾರದ ಪಟ್ಟಿಯಂತೆ ಅದು ಬಿದ್ದದ್ದು 11 ಪಂಚಾಯತುಗಳಲ್ಲಿ. ನಮ್ಮ ಕುಂಬ್ಡಾಜೆ ಅದರಲ್ಲಿದೆ, ಪುಣ್ಯ! ಆಚೆ ಪಂಚಾಯತಿನ ಗಡಿಕಲ್ಲು ಕಂಡೊಡನೆ ಗಾಳಿಯೇ ಹಿಂದೆ ತಿರುಗುತ್ತಿತ್ತೋ ಏನೋ. ಅದಕ್ಕೆ ಪಂಚಾಂಗವೂ ಗೊತ್ತು. 2011ರ ಅಕ್ಟೋಬರ್ ಬಳಿಕ ಹುಟ್ಟಿದವರು ಸಂತ್ರಸ್ತರಲ್ಲ ಎಂದು ಸರಕಾರ ಒಮ್ಮೆ ತೀರ್ಮಾನಿಸಿತ್ತು. ಮಗು ಹುಟ್ಟುವ ಮೊದಲು ಆದೇಶ ಓದಿಕೊಳ್ಳಬೇಕಿತ್ತು.

ಸುರಿಯುವಾಗ ಯಾರ ಸರ್ಟಿಫಿಕೇಟನ್ನೂ ಯಾರೂ ಕೇಳಲಿಲ್ಲ. ಈಗ ಎಲ್ಲದಕ್ಕೂ ಕಾಗದ. ವಿಕಲಚೇತನರ ಕಾಯಿದೆಯ ಸವಲತ್ತಿಗೆ ವೈಕಲ್ಯ ಶೇಕಡಾ 40 ಆಗಬೇಕು; 39ರವನು ಗಟ್ಟಿಮುಟ್ಟು ಆಸಾಮಿ. ಮಲಯಾಳದ ಫಾರ್ಮು ಓದಲು ಬಾರದ್ದು ಶೇಕಡಾ ಎಷ್ಟು ಎಂಬುದು ಮಾತ್ರ ಯಾವ ಕೋಷ್ಟಕದಲ್ಲೂ ಇಲ್ಲ.

2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಮೂರು ತಿಂಗಳೊಳಗೆ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ ಎಂದಿತು. 2022ರ ಮೇ ತಿಂಗಳಲ್ಲಿ ಅದೇ ಕೋರ್ಟು ಲೆಕ್ಕ ನೋಡಿದಾಗ 3,704 ಮಂದಿಯಲ್ಲಿ ದುಡ್ಡು ಮುಟ್ಟಿದ್ದು ಎಂಟು ಮಂದಿಗೆ. ಅದೂ ಕೋರ್ಟಿನ ಮೆಟ್ಟಿಲು ಹತ್ತಿದ ಎಂಟು ಮಂದಿಗೆ. ಹಾಸಿಗೆ ಹಿಡಿದವರು ಇನ್ನಾದರೂ ದೆಹಲಿಗೆ ಓಡಾಡಲು ಕಲಿಯಬೇಕು.

ಆಸ್ಪತ್ರೆ ಇಲ್ಲವೆನ್ನಬೇಡಿ. ಉಕ್ಕಿನಡ್ಕದಲ್ಲಿ ಮೆಡಿಕಲ್ ಕಾಲೇಜಿಗೆ 2013ರಲ್ಲೇ ಕಲ್ಲು ಹಾಕಿದರು. ಆಮೇಲೆ ವರ್ಷಗಟ್ಟಲೆ ಐಸಿಯುವಿನಲ್ಲಿದ್ದದ್ದು ಕಟ್ಟಡವೇ. ರೋಗಿಗಳು ಎಂದಿನಂತೆ ಮಂಗಳೂರಿಗೆ. 2020ರ ಮಾರ್ಚಿನಲ್ಲಿ ಕರ್ನಾಟಕ ಗಡಿರಸ್ತೆಗಳಿಗೆ ಮಣ್ಣು ಸುರಿದಾಗ ಆ ದಾರಿಯೂ ಮುಚ್ಚಿತು. ಸುರಿಯುವುದರಲ್ಲಿ ನಮ್ಮ ಎರಡೂ ಸರಕಾರಗಳದ್ದು ಎತ್ತಿದ ಕೈ.

ಸಂತ್ರಸ್ತರನ್ನು ಗುರುತಿಸುವ ವೈದ್ಯಕೀಯ ಕ್ಯಾಂಪಿನ ಮೇಜಿನೆದುರು ನಡೆಯುವ ಮಾತನ್ನು ಊಹಿಸಲು ಕವಿಯಾಗಬೇಕಿಲ್ಲ.

“ಮಗ ಖುದ್ದಾಗಿ ಬರಬೇಕಿತ್ತಲ್ಲ, ಅಮ್ಮ?”

“ಅವ ನಡೆದು ಬರುವವನಾದರೆ ನಾನು ಯಾಕೆ ಇಲ್ಲಿಗೆ ಬರುವುದು, ಸಾರ್?”